ಪರಶುವಿನ ದನಿಯ ಹಿಂದೆ ಇನ್ನೊಂದು ದನಿ

"ಫ್ಯಾನ್ ಹಚ್ಚೋ ತಮ್ಮಾ, ಜೀವ ಹೋಗಾಕತ್ತೈತಿ."

"ಈ ಖೋಲ್ಯಾಗ ಫ್ಯಾನ ಇಲ್ರಿ ಮೇಡಂ. ಇದ್ರ ಅದರ ಸಪ್ಪಳಾನೂ ಹಾಡಿನ್ಯಾಗ ಬರತೈತಿ."

ಎಎಸ್‌ಐ ಸುನಂದಾ ಕುತ್ತಿಗೆಯ ಬೆವರು ಒರೆಸಿಕೊಂಡು ಸುತ್ತ ನೋಡಿದಳು. ಇಂಗಳೇಶ್ವರದ ಅರುಣಕುಮಾರನ ಮನೆಯಲ್ಲಿ ಹಿಂದೆ ಜೋಳದ ಚೀಲ ಒಟ್ಟುತ್ತಿದ್ದ ಕೋಣೆ ಇದು. ಚೀಲಗಳು ಈಗಲೂ ಇದ್ದವು, ಮೂರು ಗೋಡೆಗೆ ಆಳೆತ್ತರ. ಅವುಗಳ ಮೇಲೆ ಹಳೆ ಕೌದಿಗಳು ಇಳಿಬಿದ್ದಿದ್ದವು. ನಡುವೆ ಒಂದು ಮೈಕು. ಉಸಿರು ಬಡಿಯದಿರಲೆಂದು ಅದರ ಮುಂದೆ ಅರುಣಕುಮಾರ, ತನ್ನ ಹೆಂಡತಿ ಪಲ್ಲವಿಯ ಕಸೂತಿ ಹಾಕುವ ಬಳೆಗೆ ತೆಳು ಕಾಲುಚೀಲ ಬಿಗಿದು ನಿಲ್ಲಿಸಿದ್ದ. ಹಿಂದುಗಡೆ ಹಿತ್ತಿಲಿಗೆ ಹೋಗುವ ಗಿಡ್ಡ ಬಾಗಿಲು. ಚೀಲ ಹೊರುವವರಿಗೆಂದು ಅವನಜ್ಜ ಮಾಡಿಸಿದ್ದಂತೆ.

ಇದಕ್ಕೆ ಸ್ಟುಡಿಯೋ ಅಂತ ಹೆಸರು. ಸುನಂದಾಳಿಗೆ ನಗು ಬರಬೇಕಿತ್ತು, ಬರಲಿಲ್ಲ.

ತತ್ವಪದ ಹಾಡುವ ಹೊರ್ತಿಯ ಮುದುಕ ಗೈಬುಸಾಬ ಈ ಕೋಣೆಗೆ ಬಂದು ಹೋದ ಮರುದಿನ ಹಿತ್ತಿಲಾಚೆಯ ಬಾವಿಯಲ್ಲಿ ತಲೆ ಒಡೆದ ಹೆಣವಾಗಿ ಸಿಕ್ಕಿದ್ದ. ಅವನ ಶಿಷ್ಯ, ಇದೇ ಊರಿನ ಪರಶು, ನಿನ್ನೆಯಿಂದ ಲಾಕಪ್ಪಿನಲ್ಲಿ ಬಾಯಿ ಹೊಲಿದುಕೊಂಡು ಕೂತಿದ್ದ.

ಸಂಜೆಯೊಳಗೆ ಅವನನ್ನು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ನಿಲ್ಲಿಸಿದರೆ ಕೊಲೆ ಕೇಸು, ಜೈಲು, ಮುಗಿಯಿತು ಅವನ ಬಾಳೇವು. ಪಿಎಸ್‌ಐ ಚೇತನಕುಮಾರ ಸಾಹೇಬರು ಕಾಗದ ತಯಾರು ಮಾಡಿಸುತ್ತಿದ್ದರು. ಅವರದೇನು ತಪ್ಪು? "ನೀ ಹೊಡದಿಯೇನೋ" ಅಂದರೆ ಹುಡುಗ ನೆಲ ನೋಡುತ್ತಾನೆ. "ಹೊಡದಿಲ್ಲೇನೋ" ಅಂದರೂ ನೆಲವನ್ನೇ ನೋಡುತ್ತಾನೆ. ಪೊಲೀಸರಿಗೆ ಸುಳ್ಳು ಹೇಳುವ ಕಳ್ಳನಿಗಿಂತ ಬಾಯಿ ಬಿಡದ ಬಡಪಾಯಿಯ ಕಾಟವೇ ಹೆಚ್ಚು.

ಸುನಂದಾ ಇಲ್ಲಿಗೆ ಬಂದದ್ದು ಪರಶುವಿನ ತಾಯಿ ಗುಂಡವ್ವನ ಕಾಟಕ್ಕೆ. ಮುಂಜಾನೆಯಿಂದ ಠಾಣೆಯ ಮೆಟ್ಟಿಲ ಮೇಲೆ ಕೂತು ಮುದುಕಿ ಒಂದೇ ರಾಗ ಎಳೆದಿದ್ದಳು.

"ನನ್ನ ಮಗ ಅವತ್ತ ಗೈಬುಸಾಬ ಅಜ್ಜನ ಪದ ಹಾಡ್ಯಾನ್ರಿ ಬಾಯಾರ. ಅರುಣನ ಮಷಿನ್ನ್ಯಾಗ ಐತಿ. ಒಮ್ಮಿ ಹೋಗಿ ಕೇಳ್ರಿ. ಕೊಲ್ಲೂ ಮನಸಿನಾಂವ ಹಂಗ ಹಾಡತಾನೇನ್ರಿ?"

ಹಾಡು ಚೆನ್ನಾಗಿದೆ ಅಂತ ಆರೋಪಿಯನ್ನು ಬಿಡುವ ಕಾನೂನು ಇನ್ನೂ ಬಂದಿಲ್ಲ. ಅದನ್ನು ಗುಂಡವ್ವನಿಗೆ ಹೇಳಿ ಹೇಳಿ ಸುನಂದಾಳ ಗಂಟಲು ಒಣಗಿತ್ತು. ಕೊನೆಗೆ "ನಡಿಯವ್ವಾ ತಾಯಿ" ಅಂತ ಜೀಪು ಹತ್ತಿದಳು. ಗುಂಡವ್ವನೂ ಹತ್ತಿದಳು. ಠಾಣೆಯಿದ್ದ ಬಾಗೇವಾಡಿಯಿಂದ ಇಲ್ಲಿಯವರೆಗೆ ಮಗನ ಗುಣಗಾನ ನಿಲ್ಲಲಿಲ್ಲ. ಈಗ ಮುಂಬಾಗಿಲ ಕಟ್ಟೆಯ ಮೇಲೆ ಸೆರಗು ಹೊದ್ದು ಕೂತಿದ್ದಳು.

ನಿಜ ಹೇಳಬೇಕೆಂದರೆ ಕಾಟವೊಂದೇ ಕಾರಣವಲ್ಲ. ಸುನಂದಾಳ ತವರು ಹೊರ್ತಿ. ಅಮಾವಾಸ್ಯೆಯ ಭಜನೆಗಳಲ್ಲಿ ಅವ್ವನ ತೊಡೆಯ ಮೇಲೆ ತಲೆಯಿಟ್ಟು ಗೈಬುಸಾಬನ ಪದ ಕೇಳುತ್ತ ನಿದ್ದೆ ಹೋದವಳು. ಆ ದನಿಯನ್ನು ಯಾರು ಬಾವಿಗೆ ನೂಕಿದರು ಅನ್ನುವುದು ಅವಳಿಗೆ ಗೊತ್ತಾಗಬೇಕಿತ್ತು. ಗೊತ್ತಾದ ಮೇಲೆ ಒಂದು ವಾರ ಮಲಗಬೇಕಿತ್ತು.

"ಹೊರಗ ಬರ್ರಿ ಮೇಡಂ. ಕೇಳೂದು ಇಲ್ಲಲ್ಲ, ಪಡಸಾಲ್ಯಾಗ."

ಕಂಪ್ಯೂಟರು ಪಡಸಾಲೆಯ ಮೂಲೆಯಲ್ಲಿತ್ತು. ಗೋಡೆಗೆ ತೂತು ಕೊರೆದು ವಾಯರು ಒಳಗೆ ಎಳೆದಿದ್ದ. ಅರುಣಕುಮಾರ ಅದರ ಮುಂದೆ ಕುಳಿತದ್ದೇ ತಡ, ಬೆಳಗಿನಿಂದ ಬಾಡಿದ್ದ ಮುಖಕ್ಕೆ ಕೊಂಚ ಜೀವ ಬಂತು. ತನ್ನ ಕೈಯಿಂದ ಕಟ್ಟಿದ ಗೂಡನ್ನು ತೋರಿಸುವವನ ಖುಷಿಯೇ ಬೇರೆ.

"ಹಳೇ ಕಂಪ್ಯೂಟರ್ ಇದು, ಸೋಲಾಪುರದಾಗ ತಗೊಂಡೇನಿ. ಬುಸ್ ಅಂತೈತಿ, ಅದಕ್ಕ ಹೊರಗ ಇಟ್ಟೇನಿ. ಸಾಫ್ಟ್‌ವೇರ್ ಪುಕ್ಕಟ. ಖರ್ಚು ಬಂದಿದ್ದು ಮೈಕಿಗೆ, ಮತ್ತ ಮೈಕ್ ಸಿಗಸೂ ಈ ಡಬ್ಬಿಗೆ ಅಷ್ಟ. ಗೋಡಿಗೆ ಹಚ್ಚೂ ಫೋಮ್ ತರಸ್ಬೇಕಂದ್ರ ಎಮ್ಮಿ ಮಾರಬೇಕಾಗತಿತ್ತು. ನಮ್ಮವ್ವ, ಜ್ವಾಳದ ಚೀಲ ಅಲ್ಲೇ ಇರಲಿ ಬಿಡೋ ಅಂದ್ಲು. ನೋಡಿದ್ರ ಚೀಲ ಫೋಮಿನ ಅಪ್ಪ ಆತ್ರಿ. ಒಳಗ ಚಪ್ಪಾಳಿ ಹೊಡದ್ರ ಅಲ್ಲೇ ಸಾಯತೈತಿ, ಎಲ್ಲೂ ತಿರುಗಿ ಬರೂದಿಲ್ಲ."

"ಪರದೆ ಮ್ಯಾಲೆ ಈ ಗೆರಿ ಏನು?"

"ಒಬ್ಬೊಬ್ಬರಿಗೆ ಒಂದೊಂದು ಟ್ರ್ಯಾಕ್ ರಿ. ಮ್ಯಾಳ ಎಲ್ಲಾ ಒಂದ ಮೈಕಿನ ಮುಂದ ಕುಂದರಿಸಿದ್ರ ದಮ್ಮಡಿ ಬಡತ ಒಂದ ಕೇಳತಿತ್ತು, ಹಾಡವ ಎಲ್ಲಿದಾನೋ ಏನೋ. ಹಿಂಗಾದ್ರ ಮೊದಲ ತಾಳ ತುಂಬೂದು. ಆಮ್ಯಾಲೆ ಅದನ್ನ ಹೆಡ್‌ಫೋನಿನ್ಯಾಗ ಕೇಳಕೋತ ಹಾಡೂದು. ಯಾರು ಯಾವಾಗರ ಬರಲಿ, ಕಡೀಕ ನಾ ಕೂಡಸತೇನಿ."

"ಅವರು ಹಾಡೂ ಮುಂದ ನೀ ಇಲ್ಲೇ ಕುಂತಿರತಿ?"

"ಇಲ್ರಿ. ಎದುರಿಗೆ ಅಫ್ರೋಜನ ಹಿಟ್ಟಿನ ಗಿರಣಿ ಐತಲ್ಲ. ಕಿಟಕಿಗೆ ಕೆಂಪ ಟವಲ್ ಕಟ್ಟಿದ್ರ ಅಂವ ಗಿರಣಿ ಬಂದ್ ಮಾಡತಾನ. ಬೀಸಾಕ ಬಂದ ಹೆಣ್ಣಮಕ್ಕಳು ಸುಮ್ಮನ ಇರತಾರೇನ್ರಿ? ಬಾಯಿ ಮಾಡತಾರ. ಅದಕ್ಕ ರೆಕಾರ್ಡ್ ಒತ್ತಿ ಅಲ್ಲಿ ಹೋಗಿ ನಿಂದರತೇನಿ, ಅವರನ್ನ ಸಂಬಾಳಿಸಾಕ. ನಾ ಇಲ್ಲಿ ಕುಂತ್ರ ಹಳಬರಿಗೆ ದನಿನೂ ಹೊಂಡೂದಿಲ್ಲ."

ಸುನಂದಾ ತಲೆಯಾಡಿಸಿದಳು. ಈ ಅರುಣಕುಮಾರ ಠಾಣೆಯಲ್ಲಿ ಬರೆಸಿದ ಹೇಳಿಕೆಯೇ ಪರಶುವಿನ ಕೊರಳಿಗೆ ಉರುಲಾಗಿತ್ತು. ಗೈಬುಸಾಬ ಮುಂಜಾನೆ ಬಂದ, ಮೈಕು ನೋಡಿದ, ಮನಸ್ಸಿಲ್ಲ ಅಂತ ಹಾಡದೇ ಹೋದ. ಮಧ್ಯಾಹ್ನ ಪರಶು ಬಂದ, ತಾಳದ ಮೇಲೆ ತನ್ನ ಪಾಲು ಹಾಡಿದ, ಆಮೇಲೆ ಅಜ್ಜ ಎಲ್ಲಿ ಅಂತ ಕೇಳುತ್ತ ಹೊಲದ ಕಡೆ ಹೋದ. ಆ ದಾರಿಯಲ್ಲೇ ಬಾವಿ. ಹಿಂದಿನ ವಾರ ಚಹಾದಂಗಡಿಯ ಮುಂದೆ ಗುರು ಶಿಷ್ಯರು ಜಗಳವಾಡಿದ್ದನ್ನು ಊರೇ ನೋಡಿತ್ತು. ಇನ್ನೇನು ಬೇಕು?

"ಪರಶುಂದು ಒಂದ ಹಚ್ಚು. ತಾಳಾನೂ ಬ್ಯಾಡ."

ಹೆಡ್‌ಫೋನು ಕಿವಿಗೇರಿಸಿಕೊಂಡಳು. ಮೊದಲು ಉಸಿರು, ಆಮೇಲೆ ದನಿ.

ತೆನಿ ಮುರಿಯೂ ಹೊತ್ತಿಗೆ ಬಂದವನಾರೋ...

ಗುಂಡವ್ವ ಹೇಳಿದ್ದು ಸುಳ್ಳಾಗಿರಲಿಲ್ಲ. ದಣಿದ ಜೀವಕ್ಕೆ ತಣ್ಣೀರು ಕೊಟ್ಟ ಹಾಗಿತ್ತು. ಸುನಂದಾ ಕಣ್ಣು ಮುಚ್ಚಿದಳು. ಎಷ್ಟೋ ದಿನದಿಂದ ಇಷ್ಟು ಹೊತ್ತು ಕಣ್ಣು ಮುಚ್ಚಿರಲಿಲ್ಲ. ಹೀಗೇ ನಿದ್ದೆ ಬಂದುಬಿಟ್ಟರೆ ಅಂತ ಹೆದರಿಕೆಯೂ ಆಯಿತು.

ಅರೆಗಣ್ಣಿನಲ್ಲೇ ಅವಳಿಗೆ ಒಂದು ವಿಷಯ ಚುಚ್ಚಿತು. ಪರಶು ಯಾವ ನುಡಿಯ ಮೊದಲ ಸಾಲನ್ನೂ ಹಾಡುತ್ತಿರಲಿಲ್ಲ. ಸುಮ್ಮನಿರುತ್ತಿದ್ದ, ಆಮೇಲೆ ಕಡೆಯ ಸಾಲನ್ನು ಎತ್ತಿಕೊಂಡು ಎಳೆಯುತ್ತಿದ್ದ. ಹಿಮ್ಮೇಳದವನ ಕೆಲಸವೇ ಅದು. ಆದರೆ ಯಾರ ಬಾಯಿಂದ ಎತ್ತಿಕೊಳ್ಳುತ್ತಿದ್ದ? ಅದೂ ಒಂದೊಂದು ಸಲ ಬೇಗ, ಒಂದೊಂದು ಸಲ ತಡ. ಗೈಬುಸಾಬ ಮನಸ್ಸು ಬಂದ ಕಡೆ ಎಳೆದು, ಮನಸ್ಸು ಬಂದ ಕಡೆ ಬಿಡುವ ಆಸಾಮಿ. ಅವನ ಹಿಂದೆ ಹಾಡುವವರು ಹೀಗೇ ಕಾಯುತ್ತಿದ್ದರು.

"ಮೊದಲಿಂದ ಹಚ್ಚು. ದನಿ ಏರಸು."

"ಭಾಳ ಏರಸಿದ್ರ ಕಿವಿ..."

"ನನ್ನ ಕಿವಿ ನನಗಿರಲಿ."

ಪರಶು ಸುಮ್ಮನಿದ್ದ ಕಡೆಗಳಲ್ಲಿ ಈಗ ಏನೋ ಕೇಳಿಸಿತು. ಮೂರು ಮನೆ ಆಚೆ ಯಾರೋ ಹಾಡಿದ ಹಾಗೆ, ಇರುವೆಯಷ್ಟು ಸಣ್ಣ ದನಿ. ಬಿತ್ತಿದವನಾರೋ, ಬೆಳೆದವನಾರೋ. ಸುನಂದಾಳ ತೋಳಿನ ಕೂದಲು ನಿಮಿರಿತು. ಆ ದನಿಗೆ ಸಾಕ್ಷಿ ಬೇಕಿರಲಿಲ್ಲ. ಅವ್ವನ ತೊಡೆಯ ಮೇಲೆ ಕೇಳಿದ ದನಿ ಅದು.

ಹೆಡ್‌ಫೋನು ತೆಗೆದು ಮೇಜಿನ ಮೇಲಿಟ್ಟಳು.

"ಪರಶುನ ಹಿಂದ ಹಾಡಾಕತ್ತಾನಲ್ಲ, ಯಾರಪಾ ಅಂವ?"

"ಯಾರೂ ಇಲ್ರಿ. ಅವಂದ ದನಿ ಗೋಡಿಗೆ ಬಡದು ತಿರುಗಿ ಬಂದಿರಬೇಕು."

"ಈಗರ ಹೇಳಿದಿ, ಚಪ್ಪಾಳಿ ಹೊಡದ್ರ ಅಲ್ಲೇ ಸಾಯತೈತಿ ಅಂತ. ಪರಶುನ ದನಿಗೆ ಏನು ಬ್ಯಾರೆ ಗೋಡಿ ಕಟ್ಟಿಸಿಯೇನು?"

ಅರುಣಕುಮಾರ ಮೌಸಿನ ಮೇಲಿದ್ದ ಕೈ ಹಿಂದಕ್ಕೆ ಎಳೆದುಕೊಂಡು ತೊಡೆಗೆ ಒರೆಸಿಕೊಂಡ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಅನ್ನುವುದು ಇದಕ್ಕೇ.

"ಅಜ್ಜ ಹಾಡ್ಯಾನ. ಹೌದಲ್ಲೋ?"

"ಮೇಡಂ..."

"ನೋಡು ತಮ್ಮಾ, ನನಗ ಒದರೂ ತ್ರಾಣ ಇಲ್ಲ, ಹೊಡಿಯೂ ಮನಸ್ಸಿಲ್ಲ. ಅಲ್ಲಿ ಒಬ್ಬ ಹುಡುಗ ಜೈಲಿಗೆ ಹೊಂಟಾನ. ಅವರವ್ವ ನಿನ್ನ ಕಟ್ಟಿ ಮ್ಯಾಲೆ ಕುಂತಾಳ. ಖರೇ ಹೇಳಿ ನನ್ನ ಮನಿಗೆ ಕಳಸು."

ಅವನ ಕಣ್ಣಲ್ಲಿ ನೀರಾಡಿತು. ತಲೆ ತಗ್ಗಿಸಿದ.

"ಹಾಡಿದಾರ್ರಿ. ಅಷ್ಟ ಚಲೋ ಯಾವತ್ತೂ ಹಾಡಿರಲಿಲ್ಲ. ನಾ ಗಿರಣಿ ಕಡೆ ನಿಂತಿದ್ದೆ. ಭಾಳ ಹೊತ್ತಾದ್ರೂ ಕರೀಲಿಲ್ಲಂತ ಒಳಗ ಬಂದ್ರ ಅಜ್ಜ ಇರಲಿಲ್ಲ, ಹಿತ್ತಲ ಬಾಗಲ ತಗದಿತ್ತು. ಹೇಳದನ ಹೋಗೂದು ಅವರಿಗೆ ಹೊಸಾದಲ್ಲ. ಮಷಿನ್ ಇನ್ನೂ ಓಡತಿತ್ತು. ಬಂದ್ ಮಾಡಿದೆ."

"ಮತ್ತ ಅಜ್ಜನ ಟ್ರ್ಯಾಕ್ ಎಲ್ಲಿ?"

"ಮಧ್ಯಾಹ್ನ ಪರಶು ಬಂದು ಅದರ ಮ್ಯಾಲೆ ಹಿಮ್ಮೇಳ ಹಾಡಿದ. ಹೊರಗ ಬಂದು ನನ್ನ ಕರದ. ಮಾರಿ ಬೂದಿ ಆಗಿತ್ರಿ. ಅರುಣಣ್ಣ, ಅಜ್ಜಗ ಮನಸ್ಸಿಗೆ ಬಂದಿಲ್ಲಂತ, ಮತ್ತ ಹಾಡ್ತಾನಂತ, ಅವರ ಟ್ರ್ಯಾಕ್ ತಗದಬಿಡು ಅಂದ. ತಗದೆ. ಮರದಿನ ಹೆಣ ಸಿಕ್ಕಿತು. ಅಜ್ಜ ಕಡೀಕ ಹಾಡಿದ್ದನ್ನ ನಾನ ಅಳಸೇನಿ ಅಂತ ಗೊತ್ತಾದ್ರ ನನ್ನೂ ಒಳಗ ಹಾಕತೀರಿ, ಮಷಿನ್ ಎತ್ತಗೊಂಡ ಹೋಗತೀರಿ. ಒಮ್ಮಿ ಹೋದ ಸಾಮಾನು ತಿರುಗಿ ಬರತೈತೇನ್ರಿ? ಅದಕ್ಕ ಹಾಡೇ ಇಲ್ಲ ಅಂದೆ."

"ಅಳಸಿದ್ದು ಪರಶುನ ಟ್ರ್ಯಾಕಿನ್ಯಾಗ ಹೆಂಗ ಬಂತು?"

"ನಮ್ಮ ಮಂದಿ ಒಂದ ಕಿವಿ ಕೈಲೆ ಮುಚ್ಚಗೊಂಡ ಹಾಡವ್ರು. ಹೆಡ್‌ಫೋನ್ ಎರಡೂ ಕಿವಿಗೆ ಹಾಕ್ರಪಾ ಅಂತ ಹೇಳಿ ಹೇಳಿ ಸಾಕಾಗೇತಿ. ಒಂದ ಕಡಿ ಸರಿಸಿ, ಅಲ್ಲಿ ಕೈ ಇಟ್ಟಕೋತಾರ. ಸರಿಸಿದ ಕಡಿಂದ ಒಳಗಿನ ದನಿ ಸೋರಿ ಮೈಕಿಗೆ ಬೀಳತೈತಿ. ಪರಶು ಅದರಾಗ ಗುರುವಿನ ಮೀರಿಸಿದ ಶಿಷ್ಯ."

ಸುನಂದಾ ಕುರ್ಚಿಗೆ ಒರಗಿದಳು. ಗಂಟು ಬಿಚ್ಚಲು ಬಂದವಳು ಇನ್ನಷ್ಟು ಬಿಗಿದಂತಾಗಿತ್ತು. ಸತ್ತವನ ಕಡೆಯ ಹಾಡನ್ನು ಅಳಿಸು ಅಂದವನು ಪರಶುವೇ. ಚೇತನಕುಮಾರರಿಗೆ ಇದೊಂದು ಮಾತು ಸಿಕ್ಕರೆ 'ಸಾಕ್ಷ್ಯ ನಾಶ' ಅಂತ ಇನ್ನೊಂದು ಕಲಂ ಸೇರಿಸುತ್ತಾರೆ. ಮುದುಕಿಗೆ ಏನು ಹೇಳುವುದು? ನಿನ್ನ ಮಾತು ಕೇಳಿ ಬಂದೆ, ನಿನ್ನ ಮಗನಿಗೆ ಇನ್ನೊಂದು ಬೇಡಿ ತಂದೆ ಅಂತಲೇ?

ಹೊರಗೆ ಗುಂಡವ್ವ ಪಲ್ಲವಿಯ ಜೊತೆ ಮಾತಾಡುವುದು ಕೇಳಿಸುತ್ತಿತ್ತು. ಪರಶು ಸಣ್ಣವನಿದ್ದಾಗ ತೊಟ್ಟಿಲಲ್ಲೇ ತಾಳ ಹಾಕುತ್ತಿದ್ದನಂತೆ.

ಎದ್ದು ಹೋಗಿಬಿಡೋಣ ಅನ್ನಿಸಿತು. ಕೇಳಿದ್ದನ್ನು ಕೇಳಿಲ್ಲ ಅಂದರೂ ಯಾರಿಗೂ ಗೊತ್ತಾಗುವುದಿಲ್ಲ. ಕಾಲು ನೋಯುತ್ತಿದ್ದವು, ತಲೆ ಸಿಡಿಯುತ್ತಿತ್ತು. ಆದರೆ 'ಮಾರಿ ಬೂದಿ ಆಗಿತ್ರಿ' ಅನ್ನುವ ಮಾತು ಎದ್ದೇಳಲು ಬಿಡಲಿಲ್ಲ.

ಹಾಡಿನಲ್ಲಿ ಕಡೆಯ ಅಕ್ಷರದವರೆಗೂ ಆ ಹುಡುಗನ ದನಿ ನಡುಗಿಲ್ಲ. ಕೊಂದು ಬಂದವನ ಹಾಗೂ ಅಲ್ಲ, ಕೊಲ್ಲಲು ಹೊರಟವನ ಹಾಗೂ ಅಲ್ಲ, ಸುಖವಾಗಿ ಹಾಡಿದ್ದ. ಹೊರಗೆ ಬಂದಾಗ ಮಾತ್ರ ಮುಖ ಬೂದಿ. ಹಾಡಿಗೂ ಬಾಗಿಲಿಗೂ ನಡುವೆ ಅವನಿಗೆ ಏನಾಯಿತು?

"ಪರಶು ಹಾಡು ಮುಗಿಸಿದ ಕೂಡಲೇ ಬಂದ್ ಮಾಡಿದಿಯೇನು?"

"ಇಲ್ರಿ. ಅವಾಗೂ ನಾ ಗಿರಣಿ ಕಡೆನ ಇದ್ದೆ. ಅಂವ ಬಂದು ಕರದ ಮ್ಯಾಲೆ ಬಂದ್ ಮಾಡಿದೆ."

"ಅಲ್ಲೀತನ?"

"ಖಾಲಿ ಓಡಿರತೈತಿ. ಬಾಲ ಅಂತೇವಿ ನಾವು. ಕಡೀಕ ಕತ್ತರಿಸಿ ಒಗಿಯೂದು."

"ಕತ್ತರಿಸಿಯೇನು?"

"ಇನ್ನೂ ಇಲ್ರಿ. ಹಾಡೂದ ಮುಗೀಲಿಲ್ಲಲ್ಲ."

"ಹಚ್ಚು. ದನಿ ಎಷ್ಟ ಏರತೈತೋ ಅಷ್ಟ ಏರಸು."

ಪರದೆಯ ಮೇಲೆ ಬಾಲ ಅನ್ನುವುದು ಬರೀ ನೇರ ಗೆರೆ. ಅರುಣಕುಮಾರ ಅದನ್ನು ಹಿಗ್ಗಿಸಿದ. ಸುನಂದಾ ಎರಡೂ ಕಿವಿ ಬಿಗಿಯಾಗಿ ಮುಚ್ಚಿಕೊಂಡು ಕುಳಿತಳು.

ಪರಶುವಿನ ಉಸಿರು ಮೊದಲು. ಹತ್ತಿರ, ದೊಡ್ಡದು. ಅವನು ಮೈಕಿನ ಮುಂದೆಯೇ ನಿಂತಿದ್ದಾನೆ. ಅದರ ಹಿಂದೆ, ಅವನ ಹೆಡ್‌ಫೋನಿನಲ್ಲಿ ಇನ್ನೂ ಓಡುತ್ತಿದ್ದ ಅಜ್ಜನ ಟ್ರ್ಯಾಕಿನಿಂದ ಸೋರಿದ ಸಣ್ಣ ಸದ್ದುಗಳು. ಏಕತಾರಿ ಕೆಳಗಿಟ್ಟ ಸದ್ದು, ಮುದುಕನ ಕೆಮ್ಮು. ಆಮೇಲೆ ಬಾಗಿಲು ಕಿರ್ರೆಂದಿತು. ಅದು ಪರಶು ಇದ್ದ ಮಧ್ಯಾಹ್ನದ ಬಾಗಿಲಲ್ಲ, ಗೈಬುಸಾಬ ಇದ್ದ ಮುಂಜಾನೆಯ ಬಾಗಿಲು.

"ಹಾಡ ಮುಗೀತೇನು? ಇನ್ನ ನನ್ನ ಮಾತ ಕೇಳು."

ಹೆಂಗಸಿನ ದನಿ. ಸುನಂದಾ ಅದನ್ನು ತಕ್ಷಣ ಗುರುತಿಸಿದಳು. ಇರಲಾರದು ಅಂತ ತನಗೆ ತಾನೇ ಹೇಳಿಕೊಳ್ಳುವಷ್ಟರಲ್ಲಿ ಗೈಬುಸಾಬ ಹೆಸರು ಹಿಡಿದು ಕರೆದುಬಿಟ್ಟ.

"ನೀ ಯಾಕ ಬರಾಕ ಹೋದಿ, ಗುಂಡವ್ವ?"

"ಇವತ್ತ ಪರಶುಗ ಎಲ್ಲಾ ಹೇಳತೇನಿ ಅಂದಿಯಂತ."

"ಹೇಳಬೇಕವ್ವಾ. ನಾ ಇನ್ನ ಎಷ್ಟ ದಿನದಾಂವ? ಗೋರಿಗೆ ಹೊತಗೊಂಡ ಹೋಗೂ ಮಾತಲ್ಲ ಅದು."

"ನಿನ್ನ ಕಾಲ ಬೀಳತೇನಿ."

"ಏಳವ್ವಾ. ಹಂಗ ಮಾಡಬ್ಯಾಡ."

ಒಂದಿಷ್ಟು ಹೊತ್ತು ಏನಿಲ್ಲ. ಪರಶುವಿನ ಉಸಿರು ಕೂಡ ಇಲ್ಲ. ಆಮೇಲೆ ಅದೇ ಹೆಂಗಸಿನ ದನಿ, ಈ ಸಲ ಅಳುವಿಲ್ಲದೆ, ಗಟ್ಟಿಯಾಗಿ.

"ಹಂಗಾರ ನೀ ಅವನ ಮುಂದ ಬಾಯಿ ತಗಿಯೂದ್ರಾಗ ನಿನ್ನ ಬಾಯಾಗ ಮಣ್ಣು ಹಾಕತೇನಿ. ನೆನಪಿಟ್ಟಕೋ."

ಹೆಡ್‌ಫೋನು ಕಿತ್ತೆಸೆದ ಸದ್ದು ಸುನಂದಾಳ ಕಿವಿಗೆ ಗುದ್ದಿದಂತೆ ಬಂತು. ಸೋರುತ್ತಿದ್ದ ದನಿಗಳು ಚೀಲಗಳ ಸಂದಿಯಲ್ಲಿ ಅಡಗಿಹೋದವು. ಉಳಿದದ್ದು ಪರಶು ಒಬ್ಬನೇ. ಮೈಕಿಗೆ ಬಾಯಿ ಇಟ್ಟಷ್ಟು ಹತ್ತಿರದಿಂದ, ಎಳೆ ಮಗುವಿನ ಹಾಗೆ, ಅವನು ಅಂದ.

"ಯವ್ವಾ."

ಅಷ್ಟೇ. ಹೆಜ್ಜೆ ಸಪ್ಪಳ, ಬಾಗಿಲು, ಆಮೇಲೆ ಏನೂ ಇಲ್ಲ.

ಸುನಂದಾ ಹೆಡ್‌ಫೋನು ತೆಗೆಯದೆ ಹಾಗೇ ಕುಳಿತಳು. ಹುಡುಗ ಯಾಕೆ ನೆಲ ನೋಡುತ್ತಿದ್ದ ಅಂತ ಈಗ ಗೊತ್ತಾಯಿತು. ತಾನು ಹೊಡೆದಿಲ್ಲ ಅಂದರೆ ಮತ್ತೆ ಯಾರು ಅನ್ನುವ ಪ್ರಶ್ನೆ ಬರುತ್ತದೆ. ಅದು ಬರಬಾರದು. ಅಜ್ಜನನ್ನು ಹುಡುಕಿಕೊಂಡು ಹೊಲಕ್ಕೆ ಓಡಿದ್ದು ಈ ಬೆದರಿಕೆ ಕೇಳಿ, ಟ್ರ್ಯಾಕು ಅಳಿಸಿಸಿದ್ದು ಅವ್ವನ ದನಿ ಇನ್ನಾರ ಕಿವಿಗೂ ಬೀಳದಿರಲೆಂದು. ಸುನಂದಾಳಿಗೆ ಯಾಕಾದರೂ ಈ ಮನೆಗೆ ಬಂದೆನೋ ಅನ್ನಿಸಿತು.

"ಕೇಳಿದ್ರೇನ್ರಿ ಬಾಯಾರ?"

ಗುಂಡವ್ವ ಪಡಸಾಲೆಯ ಬಾಗಿಲಲ್ಲಿ ನಿಂತಿದ್ದಳು. ಮುಖದ ತುಂಬ ಆಸೆ.

"ನಾ ಹೇಳಿದ್ದ ಖರೇ ಹೌದಿಲ್ಲೋ? ಹೆಂಗ ಹಾಡ್ಯಾನ ನೋಡ್ರಿ. ಬಿಡತಾರೇನ್ರಿ ಇನ್ನ ಅವನ್ನ?"

ಸುನಂದಾ ಎದ್ದು ತನ್ನ ಕುರ್ಚಿ ಬಿಟ್ಟುಕೊಟ್ಟಳು. ಮುದುಕಿಯ ಸೆರಗು ಸರಿಸಿ ತಾನೇ ಹೆಡ್‌ಫೋನು ತೊಡಿಸಿದಳು.

"ಕಡೇದೊಂದು ನುಡಿಯಿಂದ ಹಚ್ಚು, ಅರುಣಕುಮಾರ."

ಗುಂಡವ್ವ ಮೊದಲು ನಕ್ಕಳು. ಮಗನ ದನಿ ಅಷ್ಟು ಹತ್ತಿರದಿಂದ ಕೇಳಿ ಮಂಡಿಯ ಮೇಲೆ ಬೆರಳಿಂದ ತಾಳ ಹಾಕಿದಳು. ಹಾಡು ಮುಗಿದ ಮೇಲೂ ಬೆರಳು ಕೊಂಚ ಹೊತ್ತು ಆಡಿತು. ಆಮೇಲೆ ನಿಂತಿತು. ಸುನಂದಾ ಅವಳ ಮುಖವನ್ನೇ ನೋಡುತ್ತಿದ್ದಳು, ನೋಡಲಾಗದೆ ಗಿರಣಿಯ ಕಡೆ ತಿರುಗಿದಳು.

ಹೆಡ್‌ಫೋನು ತೆಗೆದು ಗುಂಡವ್ವ ಮಡಿಲಲ್ಲಿಟ್ಟುಕೊಂಡಳು. ಬಹಳ ಹೊತ್ತು ಅದರ ವಾಯರನ್ನು ಬೆರಳಿಗೆ ಸುತ್ತಿದಳು.

"ಮಷಿನ್ ಮುಂದ ಯಾರೂ ಇರಲಿಲ್ರಿ. ಅರುಣ ಗಿರಣಿ ಕಟ್ಟಿಗೆ ನಿಂತದ್ದ ನಾನ ಕಂಡೇನಿ. ನಡಸವರಿಲ್ಲದ ಮಷಿನ್ ಹೆಂಗ ನಡೀತೈತಿ? ಗಿರಣಿಯಾಂವ ಹೊರಗ ಬಂದ್ರ ಗಿರಣಿ ಬಂದ್ ಅಂತ ಅಲ್ಲೇನ್ರಿ?"

"ಇದು ಗಿರಣಿ ಅಲ್ಲವ್ವಾ."

"ಅಂವ ಎಷ್ಟ ಕೇಳ್ಯಾನ್ರಿ? ಇಷ್ಟನೋ, ಇನ್ನೂ ಮುಂದಿಂದೂ ಕೇಳ್ಯಾನೋ?"

ಸುನಂದಾ ಬೆಚ್ಚಿದಳು. ಮುದುಕಿಗೆ ಬೇಡಿಯ ಹೆದರಿಕೆ ಇರಲಿಲ್ಲ. ಹೆದರಿಕೆ ಬೇರೆ ಯಾವುದೋ ಇತ್ತು.

"ಇಷ್ಟ. ಇದಾದ ಮ್ಯಾಲೆ ಹೆಡ್‌ಫೋನ್ ಕಿತ್ತ ಒಗದಾನ."

"ಹಂಗಾರ ಆ ಮಾತು ಅವನ ಕಿವಿಗೆ ಬಿದ್ದಿಲ್ಲ." ಗುಂಡವ್ವ ಉಸಿರು ಬಿಟ್ಟಳು. "ಚಲೋ ಆತು. ದೇವರು ಅದಾನ."

"ಯಾವ ಮಾತು ಗುಂಡವ್ವ?"

ಗುಂಡವ್ವ ಬೆರಳಿಗೆ ಸುತ್ತಿದ್ದ ವಾಯರನ್ನು ಬಿಚ್ಚಿದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅಂತ ಆ ಮುಖವೇ ಹೇಳುತ್ತಿತ್ತು. ಸುನಂದಾ ಕೇಳುವ ದಾರಿ ಹುಡುಕುತ್ತಿರುವಾಗ ಅರುಣಕುಮಾರ ನಡುವೆ ಬಾಯಿ ಹಾಕಿದ. ಅವನಿಗೆ ಕೇಳಿಸಿದ್ದು ಅರ್ಧ, ತಿಳಿದದ್ದು ಇನ್ನೂ ಕಡಿಮೆ. ಹೇಗಾದರೂ ಮಾಡಿ ಒಳ್ಳೆಯವನಾಗುವ ಆತುರ ಮಾತ್ರ ಪೂರ್ತಿ ಇತ್ತು.

"ಮೇಡಂ, ಒಂದ ಮಾತು. ನಾ ಅಳಸಿದ್ದು ಪರದೆ ಮ್ಯಾಲಿಂದ ಅಷ್ಟರಿ. ಅಜ್ಜನ ಫೈಲ್ ಫೋಲ್ಡರಿನ್ಯಾಗ ಹಂಗ ಉಳದೈತಿ. ನಿನ್ನಿ ನೋಡೇನಿ. ಕೇಳಾಕ ಧೈರ್ಯ ಆಗಲಿಲ್ಲ. ಅಜ್ಜ ಹಾಡಿದಾಗಿಂದ ನಾ ಬಂದ್ ಮಾಡೂತನ ಪೂರ್ತಿ ಐತಿ. ಸೋರಿದ್ದಲ್ಲ, ಸ್ವಚ್ಛ ದನಿ."

ಗುಂಡವ್ವ ಕುರ್ಚಿಯಿಂದ ಎದ್ದಳು. ಸುನಂದಾಳ ಕೈಯನ್ನು ತನ್ನೆರಡೂ ಕೈಯಲ್ಲಿ ಹಿಡಿದಳು. ಕಳೆ ಕಿತ್ತು ಕಿತ್ತು ಒರಟಾದ ಕೈ. ಬಿಡಿಸಿಕೊಳ್ಳಲಾಗದ ಹಿಡಿತ.

"ಅದನ್ನ ಹಚ್ಚಬ್ಯಾಡ್ರಿ ಬಾಯಾರ. ನಾನ ಕೊಂದೇನಿ ಅಂತ ಬರಕೋರಿ. ಸಹಿ ಬರೂದಿಲ್ಲ, ಹೆಬ್ಬಟ್ಟು ಒತ್ತತೇನಿ. ಈಗ ನಡೀರಿ, ಅಂವ ಕೋರ್ಟಿಗೆ ಹೋಗೂದ್ರಾಗ ಹೋಗೂಣು."

"ಖರೇನ ನೀನ ಕೊಂದಿಯೇನು?"

"ನಿಮಗ ಒಬ್ಬರು ಬೇಕಲ್ರಿ? ನಾ ಬರತೇನಿ."

"ನಾ ಕೇಳಿದ್ದು ಅದಲ್ಲ."

"ನಾ ಹೇಳೂದು ಇಷ್ಟರಿ. ಅದೊಂದ ಹಚ್ಚಬ್ಯಾಡ್ರಿ. ಹಚ್ಚಿದ್ರ ನೀವು ಕೇಳತೀರಿ, ಸಾಹೇಬ್ರು ಕೇಳತಾರ, ಕೋರ್ಟಿನ್ಯಾಗ ಊರೆಲ್ಲಾ ಕೇಳತೈತಿ, ಕಡೀಕ ಅಂವಾನೂ ಕೇಳತಾನ. ನಾ ಗಲ್ಲಿಗೆ ಹೋದ್ರ ಅವಂಗ ಅವ್ವ ಸತ್ಲು ಅಂತ ಆಗತೈತಿ. ಅದನ್ನ ಕೇಳಿದ್ರ ಅವಂಗ ಅವ್ವನ ಇರಲಿಲ್ಲ ಅಂತ..."

ಹಿಡಿದಿದ್ದ ಕೈಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು.

ಸುನಂದಾಳಿಗೆ ಒಂದು ಗಳಿಗೆ ಆಸೆಯಾಯಿತು, ಸುಳ್ಳೇಕೆ. ತಪ್ಪೊಪ್ಪಿಗೆ ತಾನಾಗಿ ಕೈ ಹಿಡಿದು ನಿಂತಿದೆ. ಬೆದರಿಕೆಯ ಮಾತು ರೆಕಾರ್ಡಾಗಿದೆ. ಹುಡುಗ ಮನೆಗೆ ಹೋಗುತ್ತಾನೆ, ಸಾಹೇಬರು ಬೆನ್ನು ತಟ್ಟುತ್ತಾರೆ, ತಾನು ಹೋಗಿ ಬಾಗಿಲು ಹಾಕಿಕೊಂಡು ಮಲಗಬಹುದು. ಎಲ್ಲರಿಗೂ ಅವರವರು ಕೇಳಿದ್ದು ಸಿಗುತ್ತದೆ. ಗೈಬುಸಾಬನಿಗೆ ಮಾತ್ರ ಸಿಗುವುದಿಲ್ಲ, ಅವನಂತೂ ಕೇಳಲು ಬರುವುದಿಲ್ಲ.

ಫೋನು ನಡುಗಿತು. ಚೇತನಕುಮಾರ.

"ಎಲ್ಲಿದೀರಿ ಸುನಂದಾ ಮೇಡಂ? ಗಾಡಿ ಹೊರಗ ನಿಂತೈತಿ. ಪರಶುನ್ನ ಕರಕೊಂಡ ಹೊಂಟೇವಿ."

"ಬ್ಯಾಡ್ರಿ ಸರ್. ಅವನ್ನ ಒಯ್ಯಬ್ಯಾಡ್ರಿ. ಹುಡುಗ ಏನೂ ಮಾಡಿಲ್ಲ."

"ಮತ್ತ ಯಾರನ್ನ ಒಯ್ಯೂಣು?"

ಗುಂಡವ್ವನಿಗೆ ಆ ಪ್ರಶ್ನೆ ಕೇಳಿಸಿತು. ಸುನಂದಾಳ ಕೈ ಬಿಡದೆಯೇ ಇನ್ನೊಂದು ಕೈಯಿಂದ ಸೆರಗು ತಲೆಯ ಮೇಲೆಳೆದುಕೊಂಡು, ಹೊರಡಲು ಸಿದ್ಧಳಾಗಿ ನಿಂತಳು. ಹೇಳಿಬಿಡ್ರಿ ಅನ್ನುವಂತೆ ತಲೆಯಾಡಿಸಿದಳು.

ಸುನಂದಾ ಅವಳನ್ನು ನೋಡಿದಳು. ಅರುಣಕುಮಾರನಿಗೆ ಕಣ್ಣಲ್ಲೇ ಸನ್ನೆ ಮಾಡಿದಳು. ಅವನು ಫೋಲ್ಡರು ತೆರೆದ.

"ಒಂದ ಹಾಡು ಕೇಳೂದೈತ್ರಿ ಸರ್," ಅಂದಳು ಫೋನಿಗೆ. "ಪೂರ್ತಿ ಕೇಳಿ ಹೇಳತೇನಿ."

ಗುಂಡವ್ವ ಕೈ ಬಿಟ್ಟಳು.